ಓದುಗರ ಪ್ರಶ್ನೆ: ಮೆಟ್ರೊ ನಿಲ್ದಾಣದಲ್ಲಿ ಸ್ಟಾಲಿನ್ ಸಭೆ ನಡೆಸಿದ್ದು ನಿಜವೇ?

ಪ್ರಶ್ನೆ: ಮಾಸ್ಕೋದಲ್ಲಿ ವೈದ್ಯಕೀಯ ಓದುತ್ತಿರುವ ಮಗಳು ಮಾಯಕೋವ್ಸ್ಕಯಾ ಎಂಬ ಮೆಟ್ರೊ ನಿಲ್ದಾಣದ ಫೋಟೊ ಕಳಿಸಿ, ಯುದ್ಧದ ಕಾಲದಲ್ಲಿ ಸ್ಟಾಲಿನ್ ಇಲ್ಲಿ ಸಭೆ ನಡೆಸಿದ್ದರಂತೆ ಎಂದು ಬರೆದಿದ್ದಾಳೆ. ಅಷ್ಟು ದೊಡ್ಡ ನಗರದಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಚಾವಣಿಯಲ್ಲಿ ವಿಮಾನಗಳ ಚಿತ್ರಗಳಿವೆಯಂತೆ, ಅವು ಯುದ್ಧದ ನೆನಪಿಗಾಗಿ ಮಾಡಿದವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಭೆ ನಡೆದದ್ದು ನಿಜ. ಅದು 1941ರ ನವೆಂಬರ್ 6ರ ಸಂಜೆ, ಅಕ್ಟೋಬರ್ ಕ್ರಾಂತಿಯ 24ನೇ ವಾರ್ಷಿಕೋತ್ಸವದ ಅಂಗವಾಗಿ ನಡೆದ ಸಭೆ. ಈ ಸಮಾರಂಭಕ್ಕೆ ಬೊಲ್ಶಾಯ್ ರಂಗಮಂದಿರವೇ ರೂಢಿಯ ಸ್ಥಳವಾಗಿತ್ತು. ಆದರೆ ಆ ವರ್ಷ ಜರ್ಮನ್ ಸೇನೆ ಮಾಸ್ಕೋದ ಹೊಸ್ತಿಲಿಗೆ ಬಂದಿತ್ತು, ವಿಮಾನ ದಾಳಿ ಜುಲೈನಿಂದಲೇ ನಡೆದಿತ್ತು, ಅಕ್ಟೋಬರ್ 28ರಂದು ಬಾಂಬೊಂದು ಬೊಲ್ಶಾಯ್ ಕಟ್ಟಡದ ಮುಂಭಾಗಕ್ಕೇ ಬಿದ್ದಿತ್ತು. ಆದ್ದರಿಂದ ಸಭೆ ನೆಲದಡಿ ಸುಮಾರು 33 ಮೀಟರ್ ಆಳದಲ್ಲಿರುವ ಈ ನಿಲ್ದಾಣಕ್ಕೆ ಇಳಿಯಿತು. ರಂಗಮಂದಿರಗಳಿಂದ ಕುರ್ಚಿಗಳನ್ನು ತಂದು ಹಾಕಿ, ಒಂದು ತುದಿಯಲ್ಲಿ ವೇದಿಕೆ ಕಟ್ಟಿದರು. ಒಂದು ಬದಿಯ ಹಳಿಯ ಮೇಲೆ ರೈಲನ್ನು ನಿಲ್ಲಿಸಿ ಅದರ ಬೋಗಿಗಳನ್ನೇ ಸಭಿಕರ ಕೋಟು ಇಡಲು ಮತ್ತು ತಿಂಡಿ ತೀರ್ಥಕ್ಕೆ ಬಳಸಿಕೊಂಡರು. ಇನ್ನೊಂದು ಬದಿಯ ಹಳಿಯಲ್ಲಿ ನಾಯಕರನ್ನು ಹೊತ್ತ ರೈಲು ಬಂತು. ಸ್ಟಾಲಿನ್ ಭಾಷಣ ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿತು. ಮರುದಿನ ಕೆಂಪು ಚೌಕದಲ್ಲಿ ಸೇನೆಯ ಕವಾಯತೂ ನಡೆಯಿತು.

ಇದಕ್ಕೆ ಮೂರೇ ವಾರ ಮೊದಲಿನ ಸ್ಥಿತಿಯನ್ನು ನೆನೆದರೆ ಈ ಸಭೆಯ ತೂಕ ತಿಳಿಯುತ್ತದೆ. ನಗರ ಕೈತಪ್ಪೀತೆಂಬ ಭಯದಲ್ಲಿ ಅಕ್ಟೋಬರ್ 16ರ ಬೆಳಿಗ್ಗೆ ಮೆಟ್ರೊವನ್ನು ಮುಚ್ಚಿ, ಶತ್ರುವಿಗೆ ಸಿಗದಂತೆ ನಾಶಪಡಿಸುವ ಸಿದ್ಧತೆಗೆ ಆದೇಶವಾಗಿತ್ತು. ಅದೇ ಸಂಜೆ ಮನಸ್ಸು ಬದಲಾಗಿ ರೈಲುಗಳು ಮತ್ತೆ ಓಡಿದವು. ದಾಳಿಯ ರಾತ್ರಿಗಳಲ್ಲಿ ಜನ ಮಕ್ಕಳನ್ನು ಕಟ್ಟಿಕೊಂಡು ಬಂದು ಮಲಗುತ್ತಿದ್ದದ್ದೂ ಈ ನಿಲ್ದಾಣಗಳಲ್ಲೇ.

ಆಳದ ನಿಲ್ದಾಣಗಳು ಬೇರೆಯೂ ಇದ್ದವು. ಮಾಯಕೋವ್ಸ್ಕಯಾವನ್ನೇ ಆರಿಸಿದ್ದಕ್ಕೆ ಅದರ ಕಟ್ಟಡವೂ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ. 1935ರ ಮೇ 15ರಂದು ಮಾಸ್ಕೋ ಮೆಟ್ರೊ ಆರಂಭವಾದಾಗ, ಆಳದ ನಿಲ್ದಾಣವೆಂದರೆ ಪಕ್ಕಪಕ್ಕದಲ್ಲಿ ಸುರಂಗಗಳನ್ನು ಕೊರೆದು, ಮೇಲಿನ ಮಣ್ಣಿನ ಭಾರ ಹೊರಲು ನಡುವೆ ದಪ್ಪನೆಯ ಗೋಡೆಗಳನ್ನು ಬಿಟ್ಟು, ಅವುಗಳಲ್ಲಿ ಅಲ್ಲಲ್ಲಿ ದಾರಿ ತೆರೆಯುವುದಾಗಿತ್ತು. ಅಂಥಲ್ಲಿ ಒಂದು ಬದಿಯಲ್ಲಿ ನಿಂತವರಿಗೆ ಇನ್ನೊಂದು ಬದಿ ಸರಿಯಾಗಿ ಕಾಣುವುದಿಲ್ಲ. 1938ರ ಸೆಪ್ಟೆಂಬರ್ 11ರಂದು ತೆರೆದ ಮಾಯಕೋವ್ಸ್ಕಯಾದಲ್ಲಿ ವಾಸ್ತುಶಿಲ್ಪಿ ಅಲೆಕ್ಸೇಯ್ ದುಷ್ಕಿನ್ ಆ ಗೋಡೆಗಳನ್ನು ತೆಗೆದು, ಭಾರವನ್ನು ಉಕ್ಕಿನ ಕಂಬಗಳಿಗೆ ವಹಿಸಿದರು. ಕಂಬದಿಂದ ಕಂಬಕ್ಕೆ ಹಾಯುವ ಕಮಾನುಗಳಿಗೆ ತೊಡಿಸಿರುವ ಗೀರುಗೀರಾದ ತುಕ್ಕುರಹಿತ ಉಕ್ಕಿನ ತಗಡು ತಯಾರಾದದ್ದು ವಾಯುನೌಕೆ ಕಟ್ಟುವ ಕಾರ್ಖಾನೆಯಲ್ಲಿ. ಹೀಗೆ ಮೂರು ಸಾಲಿನ ಜಾಗವೆಲ್ಲ ಒಂದೇ ಸಭಾಂಗಣದಂತೆ ತೆರೆದುಕೊಂಡಿತು. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನದಲ್ಲಿ ಇದರ ವಿನ್ಯಾಸಕ್ಕೆ ಅತ್ಯುನ್ನತ ಬಹುಮಾನವೂ ದೊರೆಯಿತು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ, ಅಲ್ಲ ಎಂಬುದು. ಚಿತ್ರಗಳು ಯುದ್ಧಕ್ಕಿಂತ ಮೊದಲಿನವು. ನಿಲ್ದಾಣ ತೆರೆದಾಗಲೇ ಅಲ್ಲಿದ್ದವು. ಸೋವಿಯತ್ ಆಕಾಶದ ಒಂದು ಹಗಲು ಮತ್ತು ಒಂದು ರಾತ್ರಿ ಎಂಬ ವಿಷಯವಿಟ್ಟುಕೊಂಡು ಚಿತ್ರಕಾರ ಅಲೆಕ್ಸಾಂಡರ್ ದೈನೆಕಾ ರಚಿಸಿದ ಮೊಸಾಯಿಕ್‌ಗಳು ಅವು. ವಿಮಾನಗಳಷ್ಟೇ ಅಲ್ಲ, ಪ್ಯಾರಾಚೂಟಿನಲ್ಲಿ ಇಳಿಯುವವರು, ಹಣ್ಣು ಬಿಟ್ಟ ಕೊಂಬೆಗಳು, ರಾತ್ರಿಯಲ್ಲಿ ಬೆಳಗುವ ಸ್ಪಾಸ್ಕಯಾ ಗೋಪುರ, ಇವೆಲ್ಲ ಇವೆ. ಈಗ ಕಾಣಸಿಗುವವು 34. ಪ್ರತಿಯೊಂದೂ ಒಂದು ಅಂಡಾಕಾರದ ಗುಮ್ಮಟದ ಒಳಗೆ ಎತ್ತರದಲ್ಲಿ ಕುಳಿತಿರುವುದರಿಂದ, ಸರಿಯಾಗಿ ಅದರ ಕೆಳಗೇ ನಿಂತು ಕತ್ತೆತ್ತಿದರೆ ಮಾತ್ರ ಪೂರ್ತಿ ಕಾಣುತ್ತದೆ. ನಿತ್ಯ ಓಡಾಡುವವರಲ್ಲಿ ಎಷ್ಟು ಮಂದಿ ಹಾಗೆ ನಿಂತಾರು! ಬಣ್ಣದ ಗಾಜಿನ ತುಣುಕುಗಳನ್ನು ಕೂರಿಸುವ ಕೆಲಸ ನಡೆದದ್ದು ಲೆನಿನ್‌ಗ್ರಾಡ್‌ನಲ್ಲಿ, ವ್ಲಾದಿಮಿರ್ ಫ್ರೋಲೊವ್ ಅವರ ಕಾರ್ಯಾಗಾರದಲ್ಲಿ. ಲೆನಿನ್‌ಗ್ರಾಡ್ ಮುತ್ತಿಗೆಗೆ ಸಿಕ್ಕಾಗಲೂ ಅವರು ಊರು ಬಿಡದೆ ಮಾಸ್ಕೋದ ಮತ್ತೊಂದು ನಿಲ್ದಾಣಕ್ಕೆ ಮೊಸಾಯಿಕ್ ಮಾಡುತ್ತಿದ್ದರು, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಸ್ಟಾಲಿನ್ ಭಾಷಣದಷ್ಟು ಈ ಸಂಗತಿ ಪ್ರಚಾರ ಪಡೆದಿಲ್ಲ.

ನಿಲ್ದಾಣಕ್ಕೆ 2005ರಲ್ಲಿ ಎರಡನೆಯ ದ್ವಾರವಾಗಿದೆ. ಅದರ ಚಾವಣಿಯಲ್ಲೂ ಆಕಾಶದ ಮೊಸಾಯಿಕ್‌ಗಳಿವೆ, ಕವಿ ಮಾಯಕೋವ್ಸ್ಕಿಯ ಸಾಲುಗಳೂ ಇವೆ. ಆದರೆ ಅವು ದೈನೆಕಾ ಅವರವಲ್ಲ, ಇವಾನ್ ಲುಬೆನ್ನಿಕೊವ್ ಅವರವು. ಮಗಳು ಹಳೆಯ ಚಿತ್ರಗಳನ್ನು ನೋಡಬೇಕೆಂದಿದ್ದರೆ ಎಸ್ಕಲೇಟರ್‌ನಲ್ಲಿ ಪ್ಲಾಟ್‌ಫಾರ್ಮಿಗೇ ಇಳಿಯಬೇಕು.