ಕತ್ತರಿ ಬಿದ್ದದ್ದು ಎಲ್ಲಿಗೆ?

ಡಿ.ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಬಗ್ಗೆ ಒಂದು ಸಲ ಬರೆದದ್ದೇ ತಪ್ಪಾಯಿತು. ಅಂದಿನಿಂದ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ.

ಇದರ ಸಿನಿಮಾಗಳಲ್ಲಿ ಏನೇನು ಕತ್ತರಿಸಿದ್ದಾರೆ? ಯಾವುದನ್ನು ನೋಡಬೇಕು?

‘ಏನೇನು’ ಅಂದರೆ ಯಾವುದು ಅಂತ ನನಗೂ ಅರ್ಥವಾಗುತ್ತದೆ. 1981ರ ಸಿನಿಮಾದಿಂದ ಈಚೆಗೆ ಅದಕ್ಕೇನೂ ಬರ ಇಲ್ಲ, ಚಿಂತೆ ಬಿಡಿ. ಕತ್ತರಿ ಬೀಳುವುದು ಮಾತಿಗೆ. ಕಾಡು ಕಾಯುವ ಮೆಲರ್ಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ದೊಡ್ಡವರ ಇಂಗ್ಲಿಷ್ ಅವನಿಗೆ ಚೆನ್ನಾಗಿ ಬರುತ್ತದೆ. ಆದರೂ ಬೇಕೆಂದೇ ಡರ್ಬಿಶೈರ್ ಹಳ್ಳಿಮಾತು ಆಡುತ್ತಾನೆ. ಯಾಕೆ ಯಾರ್ಕ್‌ಶೈರ್ ಮಾತಾಡ್ತೀರಿ ಅಂತ ಅವನ ಪ್ರೇಯಸಿ ಲೇಡಿ ಚಾಟರ್ಲಿ, ಅಂದರೆ ಕಾನಿಯ ಅಕ್ಕ ಹಿಲ್ಡಾ ಕೇಳಿದರೆ, ಇದು ಯಾರ್ಕ್‌ಶೈರ್ ಅಲ್ಲ, ಡರ್ಬಿ ಅಂತ ತಿದ್ದುತ್ತಾನೆ. ಅದೂ ಅದೇ ಹಳ್ಳಿಮಾತಿನಲ್ಲಿ! ಸಬ್‌ಟೈಟಲ್‌ನಲ್ಲಿ ಇಬ್ಬರದೂ ಒಂದೇ ಭಾಷೆ. ಅಲ್ಲಿಗೆ ಅರ್ಧ ಕಾದಂಬರಿ ಹೋಯಿತು.

ಇನ್ನೊಂದು, ಕುರ್ಚಿಯ ದೃಶ್ಯ. ಯುದ್ಧದಲ್ಲಿ ಕಾಲಿನ ಬಲ ಕಳೆದುಕೊಂಡ ಯಜಮಾನ, ಕಾನಿಯ ಗಂಡ ಕ್ಲಿಫರ್ಡ್‌ನ ಮೋಟಾರು ಕುರ್ಚಿ ಕಾಡಿನ ಏರಿನಲ್ಲಿ ಕೈಕೊಡುತ್ತದೆ. ತಳ್ಳುವುದು ಬೇಡ ಅಂತ ಅವನ ಹಟ. ಕೊನೆಗೆ ಮೆಲರ್ಸ್ ಏದುಸಿರು ಬಿಡುತ್ತಾ ತಳ್ಳಬೇಕಾಗುತ್ತದೆ, ಕಾನಿಯೂ ಕೈ ಹಚ್ಚುತ್ತಾಳೆ. ಗಂಡ ಮುಂದೆ ನೋಡುತ್ತಾ ಕೂತಿದ್ದಾನೆ. ಅವನ ಬೆನ್ನ ಹಿಂದೆ ಅವಳು ಆಳಿನ ಕೈಗೆ ಮುತ್ತಿಡುತ್ತಾಳೆ. ವರ್ಗ, ಬಯಕೆ ಎರಡೂ ಒಂದೇ ಏರಿನಲ್ಲಿ. ಇಲ್ಲಿ ಅವಸರ ಮಾಡುವ ನಿರ್ದೇಶಕರನ್ನು ನಾನು ನಂಬುವುದಿಲ್ಲ.

ಈ ವರ್ಗದ ವಿಷಯ ವಕೀಲರಿಗೆ ಅರ್ಥವಾಗಿತ್ತು. 1960ರಲ್ಲಿ ಲಂಡನ್ನಿನಲ್ಲಿ ಈ ಕಾದಂಬರಿ ಅಶ್ಲೀಲ ಅಂತ ಪ್ರಕಾಶಕರಾದ ಪೆಂಗ್ವಿನ್ ಮೇಲೆ ಕೇಸು ನಡೆದಾಗ ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿದ್ದು, ನಿಮ್ಮ ಹೆಂಡತಿ ಅಥವಾ ಆಳುಗಳು ಇದನ್ನು ಓದುವುದು ನಿಮಗೆ ಇಷ್ಟವೇ ಅಂತ. ಆಳುಗಳು! ಪೆಂಗ್ವಿನ್ ಗೆದ್ದಿತು.

ನೋಡುವುದಾದರೆ ಪಾಸ್ಕಲ್ ಫೆರಾನ್ ಅವರ 2006ರ ಫ್ರೆಂಚ್ ಸಿನಿಮಾ ನೋಡಿ. ಫ್ರೆಂಚ್ ಆದ್ದರಿಂದ ಹಳ್ಳಿಮಾತು ಇಲ್ಲೂ ಇಲ್ಲ, ಒಪ್ಪುತ್ತೇನೆ. ಎರಡೂಮುಕ್ಕಾಲು ಗಂಟೆ ಇದೆ, ಆಕಳಿಸಬೇಡಿ. ‘ನಾಯಕನ ಹೆಸರನ್ನೇ ಪಾರ್ಕಿನ್ ಅಂತ ಬದಲಿಸಿದ್ದಾರೆ, ಮೂಲಕ್ಕೆ ದ್ರೋಹ’ ಅಂತ ಹತ್ತು ನಿಮಿಷದ ವಿಡಿಯೋ ಪಂಡಿತರು ಕೂಗುತ್ತಾರೆ. ಲಾರೆನ್ಸ್ ಈ ಕಾದಂಬರಿಯನ್ನು ಮೂರು ಸಲ ಬರೆದ. ಫೆರಾನ್ ಆರಿಸಿಕೊಂಡದ್ದು ಎರಡನೆಯದನ್ನು. ಅದರಲ್ಲಿ ಅವನ ಹೆಸರೇ ಪಾರ್ಕಿನ್. ಪುಸ್ತಕ ತೆರೆಯದೆ ಪಾಠ ಹೇಳಿದರೆ ಹೀಗೇ ಆಗೋದು.

1955ರ ಸಿನಿಮಾವನ್ನು ನ್ಯೂಯಾರ್ಕ್‌ನಲ್ಲಿ ತಡೆದದ್ದು ಬೆತ್ತಲೆ ದೃಶ್ಯಕ್ಕೆ ತಾನೇ?

ಅಲ್ಲ. ಹಾದರ ಕೆಲವೊಮ್ಮೆ ಸರಿ ಅನ್ನುವ ವಿಚಾರಕ್ಕೆ. 1959ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತಡೆ ತಪ್ಪು ಅಂದಿತು.

ಅನ್‌ಕಟ್ ಲಿಂಕ್ ಇದ್ದರೆ ಕಳಿಸಿ ಸಾರ್.

ಇಲ್ಲ.

2022ರ ನೆಟ್‌ಫ್ಲಿಕ್ಸ್ ಸಿನಿಮಾ ಮನೆಯವರ ಜೊತೆ ನೋಡಬಹುದಾ?

ನಿಮ್ಮ ಮನೆಯವರು ನನಗೆ ಗೊತ್ತಿಲ್ಲ. ನಾನಂತೂ ಒಬ್ಬನೇ ಕೂತು ನೋಡಿದೆ.