ಬೋರ್‌ವೆಲ್ ಲಾರಿಯಿಂದ ತೈಲ ಬಾವಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾಗಿದೆ. ನಾಲ್ಕು ವರ್ಷದಿಂದ ಬೋರ್‌ವೆಲ್ ಲಾರಿಯಲ್ಲಿ ಹೆಲ್ಪರ್ ಆಗಿದ್ದೇನೆ. ತೈಲ ಬಾವಿ ಕೊರೆಯುವ ರಿಗ್‌ನಲ್ಲಿ ಕೆಲಸ ಸಿಗುತ್ತದೆಯೇ? ಈ ಅನುಭವಕ್ಕೆ ಅಲ್ಲಿ ಬೆಲೆ ಇದೆಯೇ?
– ಓದುಗರು, ಮದ್ದೂರು

ಉತ್ತರ: ಅರ್ಧ ಬೆಲೆ ಇದೆ. ರಾತ್ರಿಯಿಡೀ ನಿಂತು ದುಡಿದ ಮೈ, ರಾಡ್ ಜೋಡಿಸುವಾಗ ಬೆರಳು ಎಲ್ಲಿಡಬಾರದೆಂಬ ಅರಿವು, ಸದ್ದಿನ ನಡುವೆ ಕೈಸನ್ನೆ ನೋಡಿ ಕೆಲಸ ಮಾಡುವ ರೂಢಿ, ಇವನ್ನು ನಿಮಗೆ ಹೊಸದಾಗಿ ಕಲಿಸಬೇಕಿಲ್ಲ. ಉಳಿದದ್ದೆಲ್ಲ ಬೇರೆ.

ನಿಮ್ಮ ಲಾರಿಯ ರಾಡ್ 20 ಅಡಿ. ತೈಲ ರಿಗ್‌ನಲ್ಲಿ ಸಾಮಾನ್ಯವಾಗಿ ಬಳಸುವ 5 ಇಂಚಿನ ಡ್ರಿಲ್ ಪೈಪ್ ಒಂದೊಂದೂ ಸುಮಾರು 9.5 ಮೀಟರ್ ಉದ್ದ, 300 ಕಿಲೊ ಹತ್ತಿರ ತೂಕ. ನಿಮ್ಮಲ್ಲಿ ಕಂಪ್ರೆಸರ್ ಗಾಳಿ ದೂಳನ್ನು ಮೇಲಕ್ಕೆ ಊದುತ್ತದೆ. ಅಲ್ಲಿ ಗಾಳಿಯ ಬದಲು ಬೆಂಟೋನೈಟ್ ಜೇಡಿ, ಬೇರೈಟ್ ಪುಡಿ ಕಲೆಸಿದ ಭಾರದ ದ್ರವ. ಇದಕ್ಕೆ ‘ಮಡ್’ ಎನ್ನುತ್ತಾರೆ. ಕಲ್ಲಿನ ಚೂರನ್ನು ಹೊರಗೆ ತರುವುದಲ್ಲದೆ, ನೆಲದಡಿಯ ಗ್ಯಾಸ್ ಮೇಲೇರದಂತೆ ತನ್ನ ತೂಕದಿಂದಲೇ ಅದುಮಿ ಹಿಡಿಯುವುದೂ ಈ ಮಡ್ಡೇ. ಪೈಪ್ ಮೇಲಕ್ಕೆ ಎಳೆದಂತೆಲ್ಲ ಬಾವಿಯಲ್ಲಿ ಮಡ್ ಇಳಿಯುತ್ತದೆ, ಅಷ್ಟನ್ನು ಮತ್ತೆ ತುಂಬಬೇಕು. ತೆಗೆದ ಕಬ್ಬಿಣದ ಗಾತ್ರಕ್ಕಿಂತ ಕಡಿಮೆ ಮಡ್ ಹಿಡಿಯಿತೆಂದರೆ ಉಳಿದ ಜಾಗಕ್ಕೆ ಕೆಳಗಿನಿಂದ ಏನೋ ನುಗ್ಗಿದೆ ಎಂದರ್ಥ. ಹೊಸಬನಾದರೂ ಅದನ್ನು ಕಂಡವನು ತಕ್ಷಣ ಕೂಗಿ ಡ್ರಿಲ್ಲರ್‌ಗೆ ಹೇಳಬೇಕು. ನೀರಿನ ಬೋರಿನಲ್ಲಿ ಈ ಭಯವಿಲ್ಲ, ಆದ್ದರಿಂದ ಈ ಅಭ್ಯಾಸವೂ ಇರುವುದಿಲ್ಲ.

ಕೆಳಗಿನ ಮೆಟ್ಟಿಲು ರೌಸ್ಟಬೌಟ್: ಕ್ರೇನಿಗೆ ಸ್ಲಿಂಗ್ ಹಾಕುವುದು, ಪೈಪ್ ಉರುಳಿಸಿ ಜೋಡಿಸುವುದು, ಮೂಟೆ ಹೊತ್ತು ಮಡ್ ಕಲೆಸುವುದು, ತೊಳೆಯುವುದು, ಬಣ್ಣ ಬಳಿಯುವುದು. ಅದರ ಮೇಲೆ ರಿಗ್ ಫ್ಲೋರಿನಲ್ಲಿ ನಿಲ್ಲುವ ಫ್ಲೋರ್‌ಮನ್. ಅದಕ್ಕೂ ಮೇಲೆ ಮಾಸ್ಟಿನ (ರಿಗ್‌ನ ಗೋಪುರದ) ಎತ್ತರದಲ್ಲಿ ಪೈಪಿನ ತುದಿ ಹಿಡಿಯುವ ಟಾಪ್‌ಮನ್. ಪಾಳಿ 12 ಗಂಟೆ. ಫ್ಲೋರಿನಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಕೈಬೆರಳು. ಪೈಪನ್ನು ಕಚ್ಚಿ ಹಿಡಿಯುವ ಸ್ಲಿಪ್ಸ್ ಎತ್ತುವಾಗ ಹಿಡಿಕೆ ಬಿಟ್ಟು ಬೇರೆಲ್ಲಿ ಕೈ ಇಟ್ಟರೂ ಅಪಾಯ, ಪೈಪ್ ಬಿಗಿಯುವ ದೊಡ್ಡ ಇಕ್ಕಳವಾದ ಟಾಂಗ್ ಎಳೆಯುವಾಗ ಅದು ಬೀಸುವ ದಾರಿಯಲ್ಲಿ ನಿಂತರೂ ಅಪಾಯ.

ಈಗ ಕಹಿ ಮಾತು. ಕರ್ನಾಟಕದಲ್ಲಿ ಕಚ್ಚಾ ತೈಲ ತೆಗೆಯುವ ಬಾವಿಗಳಿಲ್ಲ. ಮಂಗಳೂರಿನಲ್ಲಿರುವುದು ರಿಫೈನರಿ, ಪಾದೂರಿನಲ್ಲಿರುವುದು ನೆಲದಡಿಯ ಸಂಗ್ರಹಾಗಾರ. ಬಾವಿಗಳಿರುವುದು ಗುಜರಾತಿನ ಮೆಹ್ಸಾಣಾ, ಅಂಕಲೇಶ್ವರ, ರಾಜಸ್ಥಾನದ ಬಾರ್ಮೇರ್, ಅಸ್ಸಾಂ, ಆಂಧ್ರದ ರಾಜಮಹೇಂದ್ರಿ ಸೀಮೆ, ಮುಂಬೈನಿಂದ ಸುಮಾರು 160 ಕಿ.ಮೀ. ದೂರದ ಸಮುದ್ರದ ಬಾಂಬೆ ಹೈ, ಮತ್ತೆ ನಮ್ಮ ಕಾವೇರಿ ಕಡಲು ಸೇರುವ ಕಾರೈಕಲ್ ಸುತ್ತಮುತ್ತ. (ನೀರಿಗೆ ಜಗಳವಾಡುವ ನದಿ ಕೊನೆಗೆ ತೈಲದ ಸೀಮೆಯಲ್ಲಿ ಮುಗಿಯುತ್ತದೆ.) ಹೆಲ್ಪರ್ ಮಟ್ಟದ ಕೆಲಸಕ್ಕೆ ಗುತ್ತಿಗೆದಾರರು ಸಾಮಾನ್ಯವಾಗಿ ಬಾವಿಯ ಸುತ್ತಲಿನ ಊರಿನವರನ್ನೇ ತೆಗೆದುಕೊಳ್ಳುತ್ತಾರೆ. ಮದ್ದೂರಿನಿಂದ ಹೋದ ಬರೀ ಹೆಲ್ಪರ್‌ಗೆ ಬಾಗಿಲು ಕಿರಿದು. ಲಾರಿಯ ಕಂಪ್ರೆಸರ್, ಡೀಸೆಲ್ ಎಂಜಿನ್, ಹೈಡ್ರಾಲಿಕ್ ಹೋಸ್ ರಿಪೇರಿಯನ್ನು ಇನ್ನೊಂದು ವರ್ಷ ಕೈಯಾರೆ ಕಲಿತು ಮೆಕ್ಯಾನಿಕ್ ಎಂದು ಹೋದರೆ ಅದೇ ಬಾಗಿಲು ಅಗಲವಾಗುತ್ತದೆ. ಹೊರಡುವ ಮೊದಲು ಲಾರಿ ಮಾಲೀಕರಿಂದ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಬರೆಸಿಕೊಳ್ಳಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಯಂತ್ರ, ಎಷ್ಟು ಅಡಿ ಆಳದವರೆಗೆ ಕೊರೆದಿದ್ದು, ನೀವು ಮಾಡುತ್ತಿದ್ದ ಕೆಲಸ ಏನು. ‘ಒಳ್ಳೆಯ ಹುಡುಗ’ ಎಂಬ ಒಂದು ಸಾಲಿನ ಪತ್ರ ಯಾರಿಗೂ ಬೇಡ.

ಪ್ರಶ್ನೆ: ಐಟಿಐ ಫಿಟ್ಟರ್ ಕೊನೆಯ ವರ್ಷ. ಒಎನ್‌ಜಿಸಿಯಲ್ಲಿ ನೇರವಾಗಿ ಸೇರಬಹುದೇ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಮೊದಲು ಅಪ್ರೆಂಟಿಸ್ ಆಗಿ. ಒಎನ್‌ಜಿಸಿ ಪ್ರಕಟಣೆ ಹೊರಡಿಸಿದಾಗ ಐಟಿಐನವರು ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ವಯಸ್ಸು 18ರಿಂದ 24, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಲಿಖಿತ ಪರೀಕ್ಷೆ ಇಲ್ಲ, ಐಟಿಐ ಅಂಕದ ಮೇಲೆಯೇ ಪಟ್ಟಿ ತಯಾರಾಗುತ್ತದೆ. ಹಾಗಾಗಿ ಕೊನೆಯ ವರ್ಷದ ಅಂಕ ಹಗುರಾಗಿ ತೆಗೆದುಕೊಳ್ಳಬೇಡಿ. ಅರ್ಜಿ ಬಿದ್ದುಹೋಗುವುದು ಸಣ್ಣ ತಪ್ಪಿಗೇ: ಆಧಾರ್‌ನಲ್ಲಿ ‘ಎಂ. ಕುಮಾರ’, ಅಂಕಪಟ್ಟಿಯಲ್ಲಿ ‘ಕುಮಾರ ಎಂ.’ ಎಂದಿದ್ದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಈಗಲೇ ಸರಿಪಡಿಸಿಕೊಳ್ಳಿ.

ಅಪ್ರೆಂಟಿಸ್ ಮುಗಿದ ಮೇಲೆ ಕಾಯಂ ನೌಕರಿ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲ. ಆದರೂ ಗುತ್ತಿಗೆ ಕಂಪನಿಗಳ ಮುಂದೆ ಆ ಪ್ರಮಾಣಪತ್ರಕ್ಕೆ ತೂಕವಿದೆ. ಅಲ್ಲಿ ಅವಕಾಶ ಸಿಗದಿದ್ದರೆ ಹತ್ತಿರದ ಸಕ್ಕರೆ ಕಾರ್ಖಾನೆಯ ಪಂಪು, ವಾಲ್ವು, ಬಾಯ್ಲರ್ ವಿಭಾಗವನ್ನು ಕೀಳೆಂದು ಕಾಣಬೇಡಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಪಂಪಿನ ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸಿದ ಕೈ ಮಡ್ ಪಂಪಿನ ಹತ್ತಿರ ತಡಬಡಾಯಿಸುವುದಿಲ್ಲ.

ಪ್ರಶ್ನೆ: ‘ಬೊಸಿಯೆಟ್ ಮಾಡಿಸಿಕೊಡುತ್ತೇವೆ, ಮುಗಿದ ತಕ್ಷಣ ಆಫ್‌ಶೋರ್ ಕೆಲಸ ಗ್ಯಾರಂಟಿ’ ಎಂದು ಒಬ್ಬರು ಹೇಳುತ್ತಿದ್ದಾರೆ. ಹಣ ಕಟ್ಟಲೇ?
– ಓದುಗರು, ಮೈಸೂರು

ಉತ್ತರ: ಕಟ್ಟಬೇಡಿ. ಬೊಸಿಯೆಟ್ ಎಂದರೆ ಸಮುದ್ರದ ಪ್ಲಾಟ್‌ಫಾರ್ಮಿಗೆ ಹೋಗುವವರಿಗೆ ಪ್ರಾಣ ಉಳಿಸಿಕೊಳ್ಳುವ ತರಬೇತಿ. ಮೂರು ದಿನದ್ದು, ನಾಲ್ಕು ವರ್ಷ ಊರ್ಜಿತ. ನೀರಿಗೆ ಬಿದ್ದು ಮಗುಚಿದ ಹೆಲಿಕಾಪ್ಟರ್ ಮಾದರಿಯಿಂದ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ತಳ್ಳಿ ಹೊರಬರುವುದನ್ನು ಈಜುಕೊಳದಲ್ಲಿ ಮಾಡಿಸುತ್ತಾರೆ. ಕೊಳವಿಲ್ಲದೆ ಬರೀ ಕ್ಲಾಸಿನಲ್ಲಿ ಕೂರಿಸಿ ಕೊಟ್ಟ ಕಾಗದ ಬೊಸಿಯೆಟ್ ಅಲ್ಲ. ನಿಜವಾದದ್ದು ಈ ತರಬೇತಿಗೆ ಮಾನದಂಡ ಹಾಕುವ ಒಪಿಟೋ ಸಂಸ್ಥೆಯ ಮಾನ್ಯತೆಯ ಕೇಂದ್ರದಲ್ಲಿ ಮಾತ್ರ ಸಿಗುತ್ತದೆ, ಸಂಸ್ಥೆಯ ಹೆಸರು ಒಪಿಟೋ ಪಟ್ಟಿಯಲ್ಲಿದೆಯೇ ನೋಡಿ.

ಅದು ನಿಜವಾದದ್ದೇ ಆಗಿದ್ದರೂ ಅದರಿಂದ ಕೆಲಸ ಹುಟ್ಟುವುದಿಲ್ಲ. ಕೆಲಸ ಗೊತ್ತಾದ ಮೇಲೆ ಮಾಡಿಸಿದರೆ ಸಾಕು, ಎಷ್ಟೋ ಕಂಪನಿಗಳು ತಾವೇ ಕಳುಹಿಸುತ್ತವೆ. ಐಡಬ್ಲ್ಯೂಸಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಬಾವಿ ನಿಯಂತ್ರಣ (ಬಾವಿಯ ಒತ್ತಡವನ್ನು ಹಿಡಿತದಲ್ಲಿಡುವ) ಕೋರ್ಸನ್ನು ಹೊಸಬರಿಗೆ ಮಾರುವವರೂ ಇದ್ದಾರೆ. ಅದರ ಅಗತ್ಯ ಬೀಳುವುದು ಮುಖ್ಯವಾಗಿ ಡ್ರಿಲ್ಲರ್ ಮತ್ತು ಅವರ ಮೇಲಿನವರಿಗೆ. ಕೈಯಲ್ಲಿ ಹಣವಿದ್ದರೆ ವೆಲ್ಡಿಂಗ್‌ಗೆ ಹಾಕಿ: 45 ಡಿಗ್ರಿ ಓರೆಯಾಗಿ ಬಿಗಿದ ಪೈಪನ್ನು ಸುತ್ತಲೂ ಬೆಸೆಯುವ 6ಜಿ ಪರೀಕ್ಷೆ ಪಾಸಾದವರನ್ನು ಪೈಪ್‌ಲೈನ್ ಕಡೆಯವರು ಹುಡುಕಿಕೊಂಡು ಬರುತ್ತಾರೆ.

ಪ್ರಶ್ನೆ: ಮಗನಿಗೆ ಗಲ್ಫ್‌ನಲ್ಲಿ ರಿಗ್ ಕೆಲಸವೆಂದು ಏಜೆಂಟ್ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸಿಕೊಳ್ಳಬಹುದಂತೆ. ನಂಬಬಹುದೇ?
– ತಾಯಿ, ನಂಜನಗೂಡು

ಉತ್ತರ: ಬೇಡ ತಾಯಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ ಕೇಳಿದ್ದೇ ಅನುಮಾನಕ್ಕೆ ಸಾಕು, ವಿಸಿಟ್ ವೀಸಾ ಮಾತು ಬಂದ ಮೇಲಂತೂ ಎದ್ದು ಬನ್ನಿ. ಆ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳುತ್ತಾನೆ.

ಏಜೆಂಟರ ಲೈಸೆನ್ಸ್ ಸಂಖ್ಯೆ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಲೈಸೆನ್ಸ್ ಇರುವ ಏಜೆಂಟರ ಹೆಸರು ಹೇಳಿಕೊಂಡು ಊರೂರು ತಿರುಗುವ ಸಬ್-ಏಜೆಂಟರಿಗೆ ಮಾನ್ಯತೆ ಇಲ್ಲ. ಹಣ ಕೊಟ್ಟರೂ ಬ್ಯಾಂಕ್ ಮೂಲಕ ಕೊಡಿ, ರಸೀದಿ ಪಡೆಯಿರಿ.

ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಪಾಸ್‌ಪೋರ್ಟ್ ಅರ್ಜಿಗೆ ಅಂಕಪಟ್ಟಿ ಲಗತ್ತಿಸಿ. ಇಲ್ಲವಾದರೆ ಪಾಸ್‌ಪೋರ್ಟ್ ಮೇಲೆ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದು ಬೀಳುತ್ತದೆ, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ವಲಸೆ ಅನುಮತಿ ಬೇಕಾಗುತ್ತದೆ. ಅದು ತೊಡಕೆನಿಸಿದರೂ ಒಂದು ರಕ್ಷೆಯೇ, ಕರಾರು ಪತ್ರವನ್ನು ಸರ್ಕಾರ ಒಮ್ಮೆ ನೋಡಿರುತ್ತದೆ. ಹೀಗೆ ಕೆಲಸಕ್ಕೆ ಹೋಗುವವರ ವಿಮೆಯಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಗೆ ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ಸಿಗುತ್ತದೆ.

ಪ್ರಶ್ನೆ: ರಿಗ್‌ನಲ್ಲಿ ಗಡ್ಡ ಬಿಡುವಂತಿಲ್ಲವೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಹೈಡ್ರೋಜನ್ ಸಲ್ಫೈಡ್ ಬರಬಹುದಾದ ಬಾವಿಯಲ್ಲಿ ಬಿಡುವಂತಿಲ್ಲ. ಉಸಿರಾಟದ ಮಾಸ್ಕು ಮುಖಕ್ಕೆ ಗಾಳಿಯಾಡದಂತೆ ಅಂಟಿಕೊಳ್ಳಬೇಕು, ಕೂದಲಿದ್ದರೆ ಸಂದಿಯಿಂದ ಗ್ಯಾಸ್ ನುಸುಳುತ್ತದೆ. ಈ ಗ್ಯಾಸು ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಆಸುಪಾಸಿಗೆ ಮೂಗೇ ಮಂಕಾಗಿ ವಾಸನೆ ನಿಂತುಬಿಡುತ್ತದೆ. ವಾಸನೆ ಹೋಯಿತೆಂದು ಮಾಸ್ಕು ತೆಗೆಯಬೇಡಿ, ಮೀಟರ್ ನೋಡಿ.