ಕೆಮ್ಮಿದರೆ ನಾರುವ ಬಿಳಿ ಚೂರು

ಪ್ರಶ್ನೆ: ವಯಸ್ಸು 28. ಕೆಮ್ಮಿದಾಗ ಆಗಾಗ ಅಕ್ಕಿನುಚ್ಚಿನಂಥ ಬಿಳಿ ಚೂರು ಬರುತ್ತದೆ, ವಿಪರೀತ ನಾತ. ಜ್ವರ, ನೋವು ಇಲ್ಲ. ಪಿನ್ನಿನಿಂದ ಕೀಳಬಹುದೇ? ಟಾನ್ಸಿಲ್ ತೆಗೆಸಬೇಕೇ?
– ಓದುಗರು, ಮಲ್ಪೆ, ಉಡುಪಿ

ಉತ್ತರ: ಪಿನ್ನು, ಬೆಂಕಿಕಡ್ಡಿ, ಉಗುರು ಯಾವುದೂ ಬೇಡ. ಟಾನ್ಸಿಲ್‌ಗೆ ರಕ್ತ ಸಂಚಾರ ಜಾಸ್ತಿ, ಚುಚ್ಚಿದರೆ ಬರುವ ರಕ್ತ ಸುಲಭವಾಗಿ ನಿಲ್ಲುವುದಿಲ್ಲ.

ಇದು ಬಹುತೇಕ ಟಾನ್ಸಿಲ್ ಕಲ್ಲು. ಟಾನ್ಸಿಲ್ ಮೇಲಿನ ಆಳದ ಕುಳಿಗಳಲ್ಲಿ ಸತ್ತ ಜೀವಕೋಶ, ಆಹಾರದ ಚೂರು, ಬ್ಯಾಕ್ಟೀರಿಯಾ ಸಿಕ್ಕಿಕೊಂಡು, ಕ್ಯಾಲ್ಸಿಯಂ ಕೂಡಿ ಗಟ್ಟಿಯಾಗುತ್ತವೆ. ನಾತ ಬರುವುದು ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲದಿಂದ. ಇ.ಎನ್.ಟಿ. ವೈದ್ಯರು ನಾಲಿಗೆ ಒತ್ತಿ, ಟಾನ್ಸಿಲ್ ಮುಂದಿನ ಮಡಿಕೆ ಸರಿಸಿ, ಬೆಳಕು ಹಾಕಿ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸ್ಕ್ಯಾನ್ ಬೇಕಾಗುವುದು ಅಪರೂಪ.

250 ಮಿ.ಲೀ. ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಊಟವಾದ ಮೇಲೆ ತಲೆ ಹಿಂದಕ್ಕೆ ಬಾಗಿಸಿ ಗಂಟಲು ಗಳಗಳಿಸಿ. ಬಾಯಿಯಲ್ಲಷ್ಟೇ ಮುಕ್ಕಳಿಸಿ ಉಗುಳಿದರೆ ಕುಳಿಗೆ ತಲುಪುವುದಿಲ್ಲ. ಕಲ್ಲು ಕಣ್ಣಿಗೆ ಕಂಡರೆ ಒದ್ದೆ ಹತ್ತಿ ಕಡ್ಡಿಯಿಂದ ಅದರ ಪಕ್ಕವನ್ನು ಮೆಲ್ಲನೆ ಒತ್ತಿ. ವಾಕರಿಕೆಯೋ ರಕ್ತವೋ ಬಂದರೆ ಅಲ್ಲಿಗೇ ಬಿಡಿ. ಆ್ಯಂಟಿಬಯಾಟಿಕ್ ನುಂಗುವುದು ದಂಡ: ಕುಳಿ ಇದ್ದಲ್ಲೇ ಇರುತ್ತದೆ, ಕಲ್ಲು ಮತ್ತೆ ಕೂರುತ್ತದೆ.

ಇಷ್ಟಕ್ಕೇ ಟಾನ್ಸಿಲ್ ತೆಗೆಸುವ ಅವಸರ ಬೇಡ. ದೊಡ್ಡವರಿಗೆ ಸುಮಾರು ಎರಡು ವಾರ ನುಂಗುವಾಗ ನೋವು, ತಣಿದ ಗಂಜಿಯೇ ಗತಿ. 5ರಿಂದ 10ನೇ ದಿನದೊಳಗೆ ರಕ್ತಸ್ರಾವದ ಭಯವೂ ಇದೆ. ಪದೇಪದೇ ಸೋಂಕಾದರೆ, ಏನು ಮಾಡಿದರೂ ಕಲ್ಲು ಕಾಡುತ್ತಿದ್ದರೆ ಆ ಮಾತು.

ಒಂದೇ ಕಡೆಯ ಟಾನ್ಸಿಲ್ ಊದಿದರೆ, ಹುಣ್ಣು, ಕಿವಿನೋವು, ಕತ್ತಿನಲ್ಲಿ ಗಂಟು ಕಂಡರೆ ಮಾತ್ರ ಕೂಡಲೇ ತೋರಿಸಿ. ತಂಬಾಕು ಹಾಕಿ ಬೀಡಾ ಜಗಿಯುವವರಂತೂ ತಡಮಾಡಲೇಬಾರದು.